ಬಳ್ಳಾರಿಯ 533 ಶಾಲೆಗಳು

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೊದಲ ಸಲ ವೆಬ್‌ಕಾಸ್ಟಿಂಗ್ ಬಂತು. ಕೊಠಡಿಯಲ್ಲಿ ಕ್ಯಾಮೆರಾ, ದೂರದ ಪರದೆಯ ಮುಂದೆ ಅಧಿಕಾರಿ. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. 2025ರಲ್ಲಿ ಆ ಹೆಚ್ಚುವರಿ ಕೃಪಾಂಕವಿರಲಿಲ್ಲ, ಮೊದಲ ಪರೀಕ್ಷೆಯ ಫಲಿತಾಂಶ ಶೇ 66.14ಕ್ಕೆ ಬಂತು. ಪಟ್ಟಿಯ ಕೊನೆಯಲ್ಲಿ ನಮ್ಮ ಕಲ್ಯಾಣ ಕರ್ನಾಟಕದ್ದೇ ಜಿಲ್ಲೆ: ಕಲಬುರಗಿ, ಶೇ 42.43.

ನಕಲು ನಿಲ್ಲಲೇಬೇಕಿತ್ತು. ಕ್ಯಾಮೆರಾ ಬೇಡ ಎನ್ನುವವರ ಜತೆ ನಾನಿಲ್ಲ. ಆದರೆ ಹತ್ತು ವರ್ಷ ಓದಿದ ಮಗುವಿಗೆ ಸರ್ಕಾರ ತಪ್ಪದೆ ಮುಟ್ಟಿಸಿದ ತಂತ್ರಜ್ಞಾನವೆಂದರೆ ಕೊನೆಯ ಮೂರು ಗಂಟೆಯ ಕಾವಲು ಎಂಬುದು ಮನಸ್ಸನ್ನು ಚುಚ್ಚುತ್ತದೆ. ಜೂನ್‌ನಲ್ಲಿ ಖಾಲಿಯಿದ್ದ ಗಣಿತದ ಹುದ್ದೆ, ತಡವಾಗಿ ಬಂದು ಮಾರ್ಚ್‌ಗೆ ಮನೆಗೆ ಹೋಗುವ ಅತಿಥಿ ಶಿಕ್ಷಕರು, ಕುರುಗೋಡು ಕಡೆ ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಅಪ್ಪ ಅಮ್ಮನ ಹಿಂದೆ ಹೊಲಕ್ಕೆ ನಡೆಯುವ ಮಕ್ಕಳು: ಇವೆಲ್ಲ ಆ ಕ್ಯಾಮೆರಾದ ಕಣ್ಣಿಗೆ ಬೀಳುವಂಥವಲ್ಲ.

ದೂರದಲ್ಲಿ ಕುಳಿತು ಶಾಲೆಗಳನ್ನು ಎಣಿಸುವ ಕೆಲಸ ಬಳ್ಳಾರಿಗೆ ಹೊಸದೇನಲ್ಲ. 1800ರಲ್ಲಿ ನಿಜಾಮನ ಕೈಯಿಂದ ಕಂಪನಿಗೆ ಬಂದ ಈ ಸೀಮೆಯ ಮೊದಲ ಪ್ರಧಾನ ಕಲೆಕ್ಟರ್ ಥಾಮಸ್ ಮನ್ರೊ. ಮುಂದೆ ಮದ್ರಾಸಿನ ಗವರ್ನರ್ ಆದಾಗ, 1822ರಲ್ಲಿ, ಎಲ್ಲ ಕಲೆಕ್ಟರುಗಳಿಂದ ಶಾಲೆಗಳ ಲೆಕ್ಕ ತರಿಸಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ಉತ್ತರ ಇವತ್ತಿಗೂ ಓದಬೇಕಾದ ಕಾಗದ. ಆಗಿನ ಜಿಲ್ಲೆ ಈಗಿನದಕ್ಕಿಂತ ಬಹಳ ದೊಡ್ಡದು, ಜನಸಂಖ್ಯೆ 9 ಲಕ್ಷ ದಾಟಿತ್ತು. ಶಾಲೆಗಳು 533. ಕನ್ನಡದವು 235, ತೆಲುಗಿನವು 226, ಮರಾಠಿ 23, ಸಂಸ್ಕೃತ 23, ಪಾರ್ಸಿ 21, ತಮಿಳು ನಾಲ್ಕು, ಇಂಗ್ಲಿಷ್ ಒಂದೇ ಒಂದು. ಮಕ್ಕಳು 6,641. ಅವರಲ್ಲಿ ಹೆಣ್ಣುಮಕ್ಕಳು 60.

ಕ್ಯಾಂಬೆಲ್ ಬರೀ ಲೆಕ್ಕ ಕಳಿಸಿ ಸುಮ್ಮನಾಗಲಿಲ್ಲ. ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದನ್ನು, ಮುಂದಿರುವ ಹುಡುಗ ಹಿಂದುಳಿದವನಿಗೆ ಹೇಳಿಕೊಡುವುದನ್ನು ಮೆಚ್ಚಿ ಬರೆದ. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯೇ ಎಂದ. ಆ್ಯಂಡ್ರ್ಯೂ ಬೆಲ್ ಎಂಬ ಪಾದ್ರಿ ಮದ್ರಾಸಿನಿಂದ ಆ ಪದ್ಧತಿಯನ್ನು ಅಲ್ಲಿಗೆ ಆಗಲೇ ಒಯ್ದಿದ್ದ. ಅರ್ಥ ತಿಳಿಯದ ಬಾಯಿಪಾಠದ ದೋಷವನ್ನೂ ಕ್ಯಾಂಬೆಲ್ ಮುಚ್ಚಿಡಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲು ಶಾಲೆಯಿದ್ದ ಹಳ್ಳಿಗಳಲ್ಲಿ ಈಗ ಯಾಕಿಲ್ಲ ಎಂದು ಕೇಳಿಕೊಂಡ. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿನ ನೇಕಾರರ ಬದುಕು ಕುಸಿದಿದೆ, ದುಡ್ಡು ಸೀಮೆ ಬಿಟ್ಟು ಹೋಗುತ್ತಿದೆ, ಜನರ ಕೈಯಲ್ಲಿ ಮಕ್ಕಳನ್ನು ಓದಿಸುವ ಶಕ್ತಿ ಉಳಿದಿಲ್ಲ ಎಂದು ತನ್ನ ಸರ್ಕಾರಕ್ಕೇ ಬರೆದ. ಇತಿಹಾಸಕಾರ ಧರಂಪಾಲ್ 1983ರ ತಮ್ಮ ಪುಸ್ತಕದಲ್ಲಿ ಈ ಪತ್ರಗಳನ್ನು ಬೆಳಕಿಗೆ ತಂದ ಮೇಲೆ ಕೆಲವರು ಇದರಲ್ಲಿ ಸುವರ್ಣಯುಗವನ್ನು ಕಂಡರು. ಆ 60 ಎಂಬ ಅಂಕಿಯನ್ನು ಓದಿದವರು ಹಾಗೆ ಹೇಳಲಾರರು. ನಾನು ಆ ಪತ್ರವನ್ನು ಗೌರವಿಸುವುದು, ಲೆಕ್ಕ ಕೇಳಿದ ಸರ್ಕಾರಕ್ಕೆ ಅಧಿಕಾರಿಯೊಬ್ಬ ಕಾರಣವನ್ನೂ ಬರೆದು ಕೊಟ್ಟನೆಂದು.

ಇವತ್ತು ಎಸ್‌ಎಟಿಎಸ್ ಎಂಬ ಶಿಕ್ಷಣ ಇಲಾಖೆಯ ತಂತ್ರಾಂಶದಲ್ಲಿ ಪ್ರತಿ ಮಗುವಿನ ವಿವರವಿದೆ. ತುಂಬುವವರು ಪಾಠ ಮಾಡಬೇಕಾದ ಶಿಕ್ಷಕರೇ. ಕ್ಯಾಂಬೆಲ್ ಬರೆದಂಥ ಕಾರಣಕ್ಕೆ ಮಾತ್ರ ಅಲ್ಲಿ ಜಾಗ ಕಾಣದು.

ಕಲಿಸುವ ಯಂತ್ರಗಳೂ ಬಂದು ಹೋದವು. 1975ರ ಆಗಸ್ಟ್‌ನಲ್ಲಿ ಅಮೆರಿಕದ ಉಪಗ್ರಹದ ನೆರವಿನಿಂದ ಉತ್ತರ ಕರ್ನಾಟಕದ ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಗೆ ಟಿ.ವಿ. ಪಾಠ ಬಂತು, ಒಂದು ವರ್ಷಕ್ಕೆ ಉಪಗ್ರಹದ ಅವಧಿ ಮುಗಿಯಿತು, ಪಾಠವೂ ಮುಗಿಯಿತು. 2001ರ ಹೊತ್ತಿಗೆ ‘ಮಾಹಿತಿ ಸಿಂಧು’ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಂದಿತು. ಯಂತ್ರ ಖಾಸಗಿ ಕಂಪನಿಯದು, ಕಲಿಸುವವನೂ ಕಂಪನಿಯವನೇ. ಗುತ್ತಿಗೆ ಮುಗಿದಾಗ ಅವನು ಹೊರಟ, ಯಂತ್ರಗಳಿಗೆ ದೂಳು ಹಿಡಿಯಿತು.

ಬೇರೆ ದಾರಿಯನ್ನೂ ಇದೇ ರಾಜ್ಯ ತೋರಿಸಿದೆ. 2010ರ ಸುಮಾರಿಗೆ ಶಿಕ್ಷಕರ ತರಬೇತಿ ನೋಡಿಕೊಳ್ಳುವ ಡಿಎಸ್‌ಇಆರ್‌ಟಿ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜತೆ ಸೇರಿ ವಿಷಯ ಶಿಕ್ಷಕರ ವೇದಿಕೆ ಕಟ್ಟಿತು. ಗಣಿತ, ವಿಜ್ಞಾನ, ಸಮಾಜದ ಮೇಷ್ಟ್ರುಗಳೇ ಕಂಪ್ಯೂಟರ್ ಕಲಿತರು, ಒಬ್ಬರನ್ನೊಬ್ಬರು ಕೇಳಿಕೊಂಡರು, ತಾವೇ ಪಾಠ ತಯಾರಿಸಿ ಎಲ್ಲರಿಗೂ ಹಂಚಿದರು. ಮೇಷ್ಟ್ರು ಇಲಾಖೆಯಲ್ಲೇ ಇರುವುದರಿಂದ ಕಲಿತದ್ದೂ ಇಲಾಖೆಯಲ್ಲೇ ಉಳಿಯುತ್ತದೆ. ಶಾಲೆ ಮುಚ್ಚಿದ್ದ 2020ರ ‘ವಿದ್ಯಾಗಮ’ದಲ್ಲಿ ಶಿಕ್ಷಕರು ಗುಡಿಯ ಕಟ್ಟೆಗೆ, ಮರದ ನೆರಳಿಗೆ ನಡೆದು ಹೋಗಿ ಪಾಠ ಮಾಡಿದ್ದನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಕೊರೊನಾ ಭಯಕ್ಕೆ ಅದು ಅಕ್ಟೋಬರ್‌ನಲ್ಲಿ ನಿಂತಿತು. ಆದರೆ ಮನೆಯ ಒಂದೇ ಫೋನ್ ಅಪ್ಪನ ಜೇಬಿನಲ್ಲಿ ಗದ್ದೆಗೆ ಹೋಗುವ ಸಿರುಗುಪ್ಪದಂಥ ಕಡೆ ಮಗುವಿನ ಹತ್ತಿರ ಹೋದದ್ದು ಆ ಮೇಷ್ಟ್ರೇ.

ಯಂತ್ರಗಳಂತೆ ನೀತಿಗಳೂ ಬಂದು ಹೋಗುತ್ತವೆ. ಆ ಅಸ್ಥಿರತೆ ಕಾಣಬೇಕಾದರೆ ಬಳ್ಳಾರಿಯ ಕಂಟೋನ್ಮೆಂಟ್‌ನಲ್ಲಿರುವ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಬರಬೇಕು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಪದವಿಗೆ ನಾಲ್ಕು ವರ್ಷದ ಚೌಕಟ್ಟು ಬಂತು. 2024ರಲ್ಲಿ ರಾಜ್ಯ ಶಿಕ್ಷಣ ನೀತಿಗೆಂದು ನೇಮಿಸಿದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ಮೇಲೆ ಮತ್ತೆ ಮೂರು ವರ್ಷ. ಒಂದೇ ಮನೆಯ ಅಕ್ಕನಿಗೊಂದು ನೀತಿ, ತಮ್ಮನಿಗೊಂದು ನೀತಿ. ಅಕ್ಕನ ಪುಸ್ತಕ ತಮ್ಮನ ಉಪಯೋಗಕ್ಕೆ ಬಾರದಂತಾಯಿತು.

2025–26ರ ಬಜೆಟ್ ಕೃತಕ ಬುದ್ಧಿಮತ್ತೆಯ ನೆರವಿನಿಂದ ಕಲಿಸುವ ‘ಕಲಿಕಾ ದೀಪ’ವನ್ನೂ ಮುಖ ಗುರುತಿಸಿ ಹಾಜರಿ ಹಾಕುವ ‘ನಿರಂತರ’ವನ್ನೂ ಹೇಳಿತು. ಮೊದಲನೆಯದನ್ನು ನಾನು ಸ್ವಾಗತಿಸುತ್ತೇನೆ, ಒಂದು ಷರತ್ತಿನ ಮೇಲೆ. ಹಚ್ಚೊಳ್ಳಿ ಕಡೆಯ ಮಗುವಿನ ಮನೆಮಾತು ತೆಲುಗಾಗಿರಬಹುದು, ತಾಂಡಾದ ಮಗುವಿನದು ಲಂಬಾಣಿ, ಬಳ್ಳಾರಿಯ ಓಣಿಯಲ್ಲಿ ಉರ್ದು. ಆ ಮಗು ಕನ್ನಡ ಓದುವಾಗ ಬರುವ ರಾಗವನ್ನು ಯಂತ್ರ ತಪ್ಪೆಂದು ಗುರುತು ಹಾಕಬಾರದು. 2025ರ ಆಗಸ್ಟ್‌ನಲ್ಲಿ ಥೋರಟ್ ಆಯೋಗ ಕೊಟ್ಟ ಅಂತಿಮ ವರದಿ ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಕಲಿಸಬೇಕು ಎಂದಿದೆ. ಈ ಗಡಿ ಜಿಲ್ಲೆಯಲ್ಲಿ ಅದು ಆಗಬೇಕಾದರೆ ಎರಡು ಮಾತು ಬಲ್ಲ ಶಿಕ್ಷಕರನ್ನು ನೇಮಿಸಿಕೊಳ್ಳಬೇಕು.

ಎರಡನೆಯದಾದ ‘ನಿರಂತರ’ದ ಬಗ್ಗೆ ನನ್ನ ಬೇಡಿಕೆ ಸರಳ. ಮಕ್ಕಳ ಮುಖವನ್ನು ದಿನವೂ ಎಣಿಸುವ ಮೊದಲು ಸರ್ಕಾರ ತನ್ನ ಹಾಜರಿ ಕೊಡಲಿ. ತೆಕ್ಕಲಕೋಟೆ, ಹಚ್ಚೊಳ್ಳಿ, ಕುರುಗೋಡಿನ ಪ್ರತಿ ಶಾಲೆಯಲ್ಲಿ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಗಣಿತಕ್ಕೆ, ವಿಜ್ಞಾನಕ್ಕೆ ಎಷ್ಟು ತಿಂಗಳಿಂದ ಮೇಷ್ಟ್ರಿಲ್ಲ ಎಂಬುದನ್ನು ಯಾವ ತಾಯಿ ಬೇಕಾದರೂ ಫೋನಿನಲ್ಲಿ ನೋಡುವಂತಾಗಲಿ. ಇದಕ್ಕೆ ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ಮಾಹಿತಿಯೆಲ್ಲ ಇಲಾಖೆಯ ಕಡತದಲ್ಲೇ ಇದೆ.