ಟೇಬಲ್ ಬುಕ್ ಮಾಡುವುದು ಯಾರು?

ಪ್ರಶ್ನೆ: ಎಐ ಸಹಾಯಕಕ್ಕೆ ಹೇಳಿದರೆ ರೆಸ್ಟೋರೆಂಟ್‌ನಲ್ಲಿ ಟೇಬಲ್ ಬುಕ್ ಮಾಡುತ್ತದಂತೆ. ಬರೀ ಮಾತಾಡುವ ತಂತ್ರಾಂಶಕ್ಕೆ ಇದು ಹೇಗೆ ಸಾಧ್ಯ?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಸಹಾಯಕದ ಒಳಗಿರುವ ಭಾಷಾ ಮಾದರಿ ಪದ ಜೋಡಿಸುತ್ತದೆ, ಅಷ್ಟೆ. ಬುಕಿಂಗ್ ಮಾಡುವುದು ಅದಕ್ಕೆ ಜೋಡಿಸಿದ ಬೇರೆ ಪ್ರೋಗ್ರಾಂ, ಅದನ್ನೇ ಟೂಲ್ ಅನ್ನುತ್ತಾರೆ. ‘ಶನಿವಾರ ರಾತ್ರಿ ಎಂಟಕ್ಕೆ ನಾಲ್ಕು ಜನ ಬರ್ತೀವಿ’ ಎಂದಿರಿ ಅನ್ನಿ. ಮಾದರಿ ಅದನ್ನು ಚೀಟಿಯಂತೆ ಬರೆದುಕೊಡುತ್ತದೆ: ಯಾವ ಟೂಲ್, ಯಾವ ತಾರೀಖು, ಸಮಯ 20:00, ಜನ 4. ಪ್ರೋಗ್ರಾಂ ಆ ಚೀಟಿಯನ್ನು ರೆಸ್ಟೋರೆಂಟಿನ ಬುಕಿಂಗ್ ವ್ಯವಸ್ಥೆಗೆ ಮುಟ್ಟಿಸಿ, ಬಂದ ಉತ್ತರವನ್ನು ಮಾದರಿಗೆ ಒಪ್ಪಿಸುತ್ತದೆ. ಓಪನ್‌ಎಐ ಕಂಪನಿ ತನ್ನ ಎಪಿಐನಲ್ಲಿ (ಬೇರೆ ಪ್ರೋಗ್ರಾಂಗಳು ಮಾದರಿಯನ್ನು ಬಳಸುವ ದಾರಿ) ಹೀಗೆ ಚೀಟಿ ಬರೆಸುವ ಸೌಲಭ್ಯ ಕೊಟ್ಟದ್ದು 2023ರ ಜೂನ್‌ನಲ್ಲಿ.

ಅದಕ್ಕೂ ಮೊದಲು, 2018ರ ಮೇ ತಿಂಗಳಲ್ಲಿ, ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ ಡ್ಯುಪ್ಲೆಕ್ಸ್ ಎಂಬ ವ್ಯವಸ್ಥೆಯನ್ನು ತೋರಿಸಿದ್ದರು. ಅದು ಸಲೂನಿಗೂ ರೆಸ್ಟೋರೆಂಟಿಗೂ ಫೋನನ್ನೇ ಮಾಡಿ, ನಡುನಡುವೆ ತಡವರಿಸುತ್ತ, ಹೂಂಗುಟ್ಟುತ್ತ, ಥೇಟ್ ಮನುಷ್ಯರಂತೆ ಮಾತಾಡಿತು. ತಾನು ಯಂತ್ರವೆಂದು ಹೇಳಲಿಲ್ಲ. ಆಕ್ಷೇಪ ಎದ್ದ ಮೇಲೆ ಗೂಗಲ್ ಮೊದಲೇ ತಿಳಿಸುವುದಾಗಿ ಒಪ್ಪಿತು. ಒಪ್ಪಲೇಬೇಕಿತ್ತು, ಫೋನ್ ಎತ್ತಿದ ಕೆಲಸಗಾರರಿಗೆ ಎದುರಿಗಿರುವುದು ಯಾರೆಂದು ತಿಳಿಯುವ ಹಕ್ಕಿದೆ.

ಮತ್ತೆ ಚೀಟಿಯ ವಿಚಾರಕ್ಕೆ ಬಂದರೆ, ಎಡವಟ್ಟಾಗುವುದು ಸಣ್ಣಪುಟ್ಟ ವಿಷಯಗಳಲ್ಲಿ. ನೆಟ್‌ವರ್ಕ್ ಕಡಿದು ಅದೇ ಚೀಟಿ ಮತ್ತೊಮ್ಮೆ ಹೋದರೆ ಎರಡು ಟೇಬಲ್ ಬುಕ್ ಆಗಬಹುದು. ಒಂದು ಖಾಲಿ ಉಳಿದು ಹೋಟೆಲಿನವರಿಗೆ ನಷ್ಟ. ಟೂಲ್‌ನಿಂದ ಉತ್ತರ ಬಾರದಿದ್ದರೂ ‘ಬುಕ್ ಆಯಿತು’ ಎಂದು ಮಾದರಿ ಹೇಳಿಬಿಡುವುದೂ ಉಂಟು. ಬುಕಿಂಗ್ ಸಂಖ್ಯೆ ಕೇಳಿ ಪಡೆಯಿರಿ, ರೆಸ್ಟೋರೆಂಟ್ ಕಡೆಯಿಂದಲೇ ಮೆಸೇಜ್ ಬಂತೇ ನೋಡಿಕೊಳ್ಳಿ.