ಅಪ್ಪನ ಲಾರಿ, ಮಾವನ ಲಾರಿ

ಕಳೆದ ದಸರಾ ರಜೆಯಲ್ಲಿ ತಿಪಟೂರಿನ ನಮ್ಮ ಮನೆ ಜಗಲಿಯಲ್ಲಿ ಜೋರು ವಾದ ನಡೆಯಿತು. ಒಂದು ಕಡೆ, ಇಪ್ಪತ್ತೈದು ವರ್ಷದಿಂದ ಕೊಬ್ಬರಿ ಲೋಡು ಹೇರಿಕೊಂಡು ದಿಲ್ಲಿವರೆಗೂ ಓಡಾಡುವ ಅಪ್ಪ. ಇನ್ನೊಂದು ಕಡೆ, ಸೇನೆಯ ಎಎಸ್‌ಸಿಯಲ್ಲಿ ಚಾಲಕರಾಗಿ ಲೇಹ್ ಕಡೆ ದುಡಿದು ನಿವೃತ್ತರಾದ ಸೋದರಮಾವ. ನಡುವೆ ಮೆಕ್ಯಾನಿಕಲ್ ಐದನೇ ಸೆಮಿಸ್ಟರ್‌ನ ನಾನು.

‘ಮಿಲಿಟರಿ ಲಾರಿಗೆ ಯಾಕೆ ಅಷ್ಟು ದುಡ್ಡು ಸುರೀತಾರೋ! ನನ್ನ ಹತ್ತು ಚಕ್ರದ ಗಾಡಿ ಅದರ ಎರಡರಷ್ಟು ಲೋಡು ಹೊರುತ್ತೆ’ ಎಂದರು ಅಪ್ಪ.

‘ಭಾವ, ಡಾಂಬರು ಇರೋ ತನಕ ನಿಮ್ಮ ಗಾಡಿನೇ ರಾಜ. ಡಾಂಬರು ಮುಗಿದ ಮೇಲೆ?’ ಎಂದು ಮಾವ ನಕ್ಕರು.

ಆ ಪ್ರಶ್ನೆಯಲ್ಲೇ ಅರ್ಧ ಉತ್ತರ ಇತ್ತು. ಅಪ್ಪನ ಲಾರಿಗೆ ಹತ್ತು ಚಕ್ರ ಇದ್ದರೂ ಇಂಜಿನ್ನಿನ ಬಲ ಹೋಗುವುದು ಒಂದೇ ಆಕ್ಸಲ್‌ಗೆ. ಒಳ್ಳೆಯ ರಸ್ತೆ, ಹೆಚ್ಚು ಲೋಡು, ಕಡಿಮೆ ಡೀಸೆಲ್: ಅದರ ವಿನ್ಯಾಸವೇ ಅಷ್ಟಕ್ಕೆ. ಸೇನೆಯ ಲಾರಿಯಲ್ಲಿ ಎಲ್ಲ ಚಕ್ರಗಳೂ ಎಳೆಯಬೇಕು. ಹಿಂದೆ ಜೋಡಿ ಟೈರಿನ ಬದಲು ಒಂಟಿ ಟೈರು ಹಾಕುವುದೂ ಸುಮ್ಮನೆ ಅಲ್ಲ. ಮರಳಿನಲ್ಲಿ ಮುಂದಿನ ಚಕ್ರ ಮಾಡಿದ ಹಾದಿಯಲ್ಲೇ ಹಿಂದಿನ ಚಕ್ರವೂ ಸಾಗಲಿ ಎಂದು. 5,300 ಮೀಟರಿಗೂ ಎತ್ತರದ ಖಾರ್ದುಂಗ್ ಲಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಹೆಚ್ಚುಕಮ್ಮಿ ಅರ್ಧದಷ್ಟೇ. ಇಂಜಿನ್ನೂ ಏದುಸಿರು ಬಿಡುತ್ತದೆ. ಚಳಿಗೆ ಮಾಮೂಲಿ ಡೀಸೆಲ್ ಮೇಣದಂತೆ ಗಟ್ಟಿಯಾಗುತ್ತದೆ. ಅದಕ್ಕೇ 2019ರಲ್ಲಿ ಇಂಡಿಯನ್ ಆಯಿಲ್, ಮೈನಸ್ 33 ಡಿಗ್ರಿವರೆಗೂ ಹರಿಯುವ ಡೀಸೆಲ್ಲನ್ನು ಲಡಾಖ್‌ಗೆಂದೇ ತಂದಿತು. ಇನ್ನು ಈಗಿನ ಬಿಎಸ್-6 ಲಾರಿಗಳಿಗೆ ಹಾಕುವ ಯೂರಿಯಾ ದ್ರಾವಣ ಮೈನಸ್ 11 ಡಿಗ್ರಿಗೇ ಹೆಪ್ಪುಗಟ್ಟುತ್ತದೆ.

‘ಘಾಟಿಯಲ್ಲಿ ಒಂದು ಗಾಡಿ ನಿಂತರೆ ಹಿಂದಿನ ಇಡೀ ಕಾನ್ವಾಯ್ ನಿಲ್ಲುತ್ತೆ. ಮೇಲಿರೋ ಹುಡುಗರು ಸೀಮೆಎಣ್ಣೆಗೆ, ರೇಷನ್‌ಗೆ ಕಾಯ್ತಿರ್ತಾರೆ’ ಎಂದರು ಮಾವ. ಅಪ್ಪ ಸುಮ್ಮನಾದರು.

ಹಾಗಂತ ಅಪ್ಪ ಪೂರ್ತಿ ಸೋಲಲಿಲ್ಲ. ಚಳಿಗಾಲಕ್ಕೆ ಮುಂಚೆ ಲಡಾಖ್‌ಗೆ ಸಾಮಾನು ಸಾಗಿಸಲು ಸೇನೆ ಖಾಸಗಿ ಲಾರಿಗಳನ್ನೂ ಬಾಡಿಗೆಗೆ ಪಡೆಯುತ್ತದೆ ಎಂದು ಮಾವನೇ ಒಪ್ಪಿಕೊಂಡರು. ರಸ್ತೆ ಇರುವಲ್ಲಿಗೆ ಅಪ್ಪನ ಲಾರಿ, ಅದರಾಚೆಗೆ ಮಾವನ ಲಾರಿ. ನಡುವಿನ ದಾರಿಯೂ ಇದೆ. ಜಬಲ್‌ಪುರದ ಕಾರ್ಖಾನೆಯಲ್ಲಿ ಮೊದಲು ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯ ಶಕ್ತಿಮಾನ್ ತಯಾರಾಗುತ್ತಿತ್ತು. ಆಮೇಲೆ ಅಶೋಕ್ ಲೇಲ್ಯಾಂಡ್‌ನ ಸ್ಟಾಲಿಯನ್, ಟಾಟಾದ ಎಲ್‌ಪಿಟಿಎ ಬಂದವು. ಎರಡೂ ಪೇಟೆಗೆ ಲಾರಿ ಮಾಡುವ ಕಂಪನಿಗಳ ಗಾಡಿಗಳೇ.

ಹಾಗಾದರೆ ತೊಡಕು ಎಲ್ಲಿ? ಖರೀದಿಯಲ್ಲಿ. ಟಾಟ್ರಾ ಲಾರಿಯನ್ನೇ ನೋಡಿ. ಚೆಕ್ ದೇಶದ ಈ ಲಾರಿಯ ಬೆನ್ನೆಲುಬು ಒಂದು ದಪ್ಪ ಕೊಳವೆ; ಎರಡೂ ಬದಿಯ ಚಕ್ರಗಳು ಬೇರೆಬೇರೆಯಾಗಿ ಮೇಲೆ ಕೆಳಗೆ ಆಡುತ್ತವೆ. ಪಿನಾಕ ರಾಕೆಟ್‌ಗಳನ್ನು ಹೊತ್ತಿರುವುದೂ ಇದೇ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇರುವ ಬಿಇಎಂಎಲ್ 1986ರಲ್ಲಿ ಇದಕ್ಕೆ ಒಪ್ಪಂದ ಮಾಡಿಕೊಂಡಿತು. ಆದರೆ ಮೂಲ ತಯಾರಕರಿಂದ ನೇರವಾಗಿ ಕೊಳ್ಳದೆ ಮಧ್ಯದ ಕಂಪನಿಯೊಂದರ ಮೂಲಕ ಕೊಳ್ಳಲಾಗಿದೆ, ಬೆಲೆ ಜಾಸ್ತಿಯಾಗಿದೆ ಎಂಬ ಆರೋಪಗಳು ಬಂದವು. 2012ರ ಮಾರ್ಚ್‌ನಲ್ಲಿ ಆಗಿನ ಸೇನಾ ಮುಖ್ಯಸ್ಥ ಜನರಲ್ ವಿ.ಕೆ. ಸಿಂಗ್, ಕಳಪೆ ಗುಣಮಟ್ಟದ 600 ವಾಹನಗಳಿಗೆ ಒಪ್ಪಿಗೆ ಕೊಟ್ಟರೆ 14 ಕೋಟಿ ರೂಪಾಯಿ ಕೊಡುವ ಆಮಿಷ ತಮಗೆ ಬಂದಿತ್ತು ಎಂದರು. ಸಿಬಿಐ ತನಿಖೆಯೂ ನಡೆಯಿತು. ಸ್ಟೀರಿಂಗ್ ಎಡಗಡೆ ಇದ್ದದ್ದೂ ಆಗ ಚರ್ಚೆಯಾಯಿತು. ಇದನ್ನು ಓದಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: ‘ಎಡಗಡೆ ಕೂತು ಓವರ್‌ಟೇಕ್ ಹೆಂಗೆ ಮಾಡೋದು? ತಗೊಳ್ಳೋ ಮುಂಚೆ ಒಬ್ಬ ಡ್ರೈವರ್‌ನ ಕೇಳಬೇಕಾಗಿತ್ತು!’

ಲಂಚದ ಮಾತು ಬಿಟ್ಟರೂ ದಾರಿ ಉದ್ದವೇ. ಸೇನೆ ತನಗೆ ಬೇಕಾದ ಗುಣಗಳ ಪಟ್ಟಿ ಬರೆಯಬೇಕು, ಅಗತ್ಯಕ್ಕೆ ಮಂಜೂರಾತಿ ಸಿಗಬೇಕು, ಟೆಂಡರ್ ಕರೆಯಬೇಕು, ಮರುಭೂಮಿಯಲ್ಲೂ ಹಿಮದಲ್ಲೂ ಓಡಿಸಿ ನೋಡಬೇಕು. ಕೊನೆಗೆ ಪಾಸಾದವರಲ್ಲಿ ಕಡಿಮೆ ಬೆಲೆಯವರಿಗೆ, ಅಂದರೆ ಎಲ್-1ಗೆ ಆರ್ಡರ್. ಹಾಗಾಗಿ 35 ಅಂಕ ತೆಗೆದವನೂ 95 ತೆಗೆದವನೂ ಒಂದೇ. ಅಗ್ಗ ಯಾರೋ ಅವನೇ ಗೆದ್ದ. ಪಟ್ಟಿಯಲ್ಲಿ ಬೇಡದ್ದನ್ನೆಲ್ಲ ತುಂಬಿದರೆ ಯಾರೂ ಪಾಸಾಗುವುದಿಲ್ಲ, ಮತ್ತೆ ಮೊದಲಿನಿಂದ ಶುರು. ಅಷ್ಟರಲ್ಲಿ ಹಳೆ ಗಾಡಿ ಇನ್ನಷ್ಟು ಹಳೆಯದಾಗಿರುತ್ತದೆ. ಒಂದು ಬಿಡಿಭಾಗಕ್ಕಾಗಿ ತಮ್ಮ ಗಾಡಿ ತಿಂಗಳುಗಟ್ಟಲೆ ಶೆಡ್‌ನಲ್ಲಿ ನಿಂತಿದ್ದನ್ನು ಮಾವ ಇವತ್ತಿಗೂ ಮರೆತಿಲ್ಲ.

ಅಪ್ಪ ಲಾರಿ ಕೊಂಡಾಗ ಬೆಲೆ ಒಂದನ್ನೇ ನೋಡಿರಲಿಲ್ಲ. ಮೈಲೇಜ್ ಎಷ್ಟು, ದಾರಿಯಲ್ಲಿ ಕೆಟ್ಟರೆ ಸ್ಪೇರ್ ಎಲ್ಲಿ ಸಿಗುತ್ತೆ, ಹತ್ತು ವರ್ಷಕ್ಕೆ ಒಟ್ಟು ಖರ್ಚು ಎಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರು. ತರಗತಿಯಲ್ಲಿ ನಾವು ಲೈಫ್ ಸೈಕಲ್ ಕಾಸ್ಟ್ ಎಂದು ಓದುವುದು ಇದನ್ನೇ.

ಪ್ಲೇಸ್‌ಮೆಂಟ್ ಎಂದರೆ ಸಾಫ್ಟ್‌ವೇರ್ ಎನ್ನುವ ಕಾಲ ಇದು. ನಾನೂ ಆ ಸಾಲಿನಲ್ಲೇ ನಿಂತಿದ್ದೆ. ಆದರೆ ಆ ಗುಣಗಳ ಪಟ್ಟಿಯನ್ನು ಯಾರೋ ಬರೆಯಲೇಬೇಕಲ್ಲ? ಗಾಡಿಯನ್ನು ಯಾರೋ ಪರೀಕ್ಷಿಸಬೇಕಲ್ಲ? ಡಿಆರ್‌ಡಿಒದಲ್ಲಿ, ಬಿಇಎಂಎಲ್‌ನಲ್ಲಿ, ಲಾರಿ ಕಂಪನಿಗಳಲ್ಲಿ ಅದು ನಮ್ಮಂಥ ಎಂಜಿನಿಯರುಗಳದೇ ಕೆಲಸ. ನನ್ನ ಮಿನಿ ಪ್ರಾಜೆಕ್ಟ್‌ಗೆ ಚಳಿಯಲ್ಲಿ ಡೀಸೆಲ್ ಇಂಜಿನ್ ಚಾಲೂ ಮಾಡುವ ವಿಷಯ ಆರಿಸಿಕೊಂಡಿದ್ದೇನೆ. ಗೈಡ್ ಹತ್ತಿರ ಹೋಗುವ ಮುಂಚೆ ಮಾವನಿಗೆ ಫೋನ್ ಮಾಡಿದೆ. ಮೊದಲು ಡ್ರೈವರ್‌ನ ಕೇಳಬೇಕು ಎಂದು ಅಪ್ಪ ಹೇಳಿದ್ದಾರಲ್ಲ!