ನೆಲದೊಳಗಣ ಒಲೆ

ಸಮುದ್ರದಿಂದ ನಮ್ಮ ಉರಣಕ್ಕೆ ಕೊಳವೆಯಲ್ಲಿ ಬರುವ ಎಣ್ಣೆ ತೆಳ್ಳಗಿನದು. ಗುಜರಾತಿನ ಮೆಹಸಾಣಾ ಬಳಿಯ ಬಲೋಲ್, ಸಂಥಾಲ್ ಕ್ಷೇತ್ರಗಳದಾದರೋ ಚಳಿಗಾಲದ ಜೋನಿಬೆಲ್ಲದಂತೆ ಮಂದ. ಸುಮಾರು ಸಾವಿರ ಮೀಟರು ಆಳದಲ್ಲಿ ಅದು ಕದಲದೆ ಕುಳಿತಿದ್ದರೆ, ಭೂಗರ್ಭದ ನೀರು ಮಾತ್ರ ಅದನ್ನು ಬಳಸಿಕೊಂಡು ಬಾವಿಗೆ ನುಸುಳುತ್ತದೆ. ಹಾಗೆಯೇ ಬಿಟ್ಟರೆ ಬಹುಪಾಲು ಎಣ್ಣೆ ಭೂತಾಯಿಗೇ ಮೀಸಲು.

ಆದುದರಿಂದ ಓ.ಎನ್.ಜಿ.ಸಿ.ಯವರು 1990ರಲ್ಲಿ ಬಲೋಲಿನ ನೆಲದೊಳಗೇ ಪರೀಕ್ಷಾರ್ಥ ಬೆಂಕಿಯಿಟ್ಟರು; 1997ರಲ್ಲಿ ಎರಡೂ ಕಡೆ ದೊಡ್ಡದಾಗಿ ತೊಡಗಿದರು. ಒಂದು ಬಾವಿಯ ತಳವನ್ನು ಕಾಯಿಸಿ ಗಾಳಿ ತುಂಬಿದರೆ, ಆಮ್ಲಜನಕ ತಗಲಿ ಎಣ್ಣೆ ಹೊತ್ತಿಕೊಳ್ಳುತ್ತದೆ. ಮುಖ್ಯವಾಗಿ ಉರಿಯುವುದು ಮರಳಿಗೆ ಮೆತ್ತಿ ಉಳಿದ ಇದ್ದಲಿನಂಥ ಜಿಡ್ಡು. ಆ ಕಾವಿಗೆ ಮುಂದಿನ ಎಣ್ಣೆ ತೆಳುವಾಗಿ ನೆರೆಬಾವಿಗಳತ್ತ ಸರಿಯುತ್ತದೆ. ಸ್ವಲ್ಪ ಸುಟ್ಟು ಹೆಚ್ಚು ಪಡೆಯುವ ಈ ಲೆಕ್ಕ ನಮ್ಮಂಥ ಗುಮಾಸ್ತರಿಗೂ ಒಪ್ಪುವಂಥದೇ!

ಆದರೆ ಗಾಳಿ ಸಾಲದಿದ್ದರೆ ಉರಿ ನಂದಿ, ಅರೆಬೆಂದ ಎಣ್ಣೆ ಇನ್ನಷ್ಟು ಗಟ್ಟಿಯಾದೀತು. ಉರಿಯದ ಗಾಳಿ ಎಣ್ಣೆಬಾವಿಗೆ ನುಗ್ಗಿದರೆ ಸ್ಫೋಟದ ಭಯ. ಅದಕ್ಕಾಗಿ ಹೊರಬರುವ ಅನಿಲದಲ್ಲಿ ಆಮ್ಲಜನಕವೆಷ್ಟೆಂದು ಅಳೆಯುತ್ತಲೇ ಇರಬೇಕು.